ಹಾವಿನ ಪಟ್ಟಿ, ಕುಡಗೋಲಿನ ಪಟ್ಟಿ

ಖಂಡೇನವಮಿಯ ದಿನ ನಾಗಣಸೂರಿನಲ್ಲಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರು, ಮಿಕ್ಸರು ಎಲ್ಲಕ್ಕೂ ಪೂಜೆ ಸಲ್ಲುತ್ತದೆ. ಆ ವರ್ಷ ಚಂದ್ರಭಾಗಾ ಗಂಡನ ಕಂಪ್ಯೂಟರನ್ನೂ ಬಿಡಲಿಲ್ಲ. ಮುಂದೆ ವಿಭೂತಿ ಎಳೆದಳು. ಹಿಂದೆ ತಿರುಗಿಸಿದರೆ ಸಾಲಾಗಿ ಮೂರು ತೂತು. ಮೂಗಿನ ಹೊಳ್ಳೆಗಳಿರಬೇಕೆಂದು ಅವಕ್ಕೂ ಕಲಸಿದ ಕುಂಕುಮ ಮೆತ್ತಿ, ವೀಳ್ಯದೆಲೆಯಿಂದ ನೀರು ಚಿಮುಕಿಸಿ ಕೈಮುಗಿದಳು. ಮಧ್ಯಾಹ್ನ ಹೋಳಿಗೆ ಉಂಡು ಬಂದ ಮಲಕಾಜಪ್ಪ ಸ್ವಿಚ್ ಒತ್ತಿದ. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ.

ಬೇರೆಯವರ ಕಂಪ್ಯೂಟರಿಗೆ ಸದ್ದು ಹೋದರೆ ಹಾಡು ಕೇಳಿಸುವುದಿಲ್ಲ, ಅಷ್ಟೆ. ಮಲಕಾಜಪ್ಪನಿಗೆ ಸದ್ದೇ ಕಣ್ಣು. ನಲವತ್ತೆರಡನೆಯ ವಯಸ್ಸಿನಲ್ಲಿ ಕಾಚಬಿಂದು ರೋಗ ಎರಡು ಕಣ್ಣನ್ನೂ ನುಂಗಿತ್ತು. ಅದಕ್ಕೆ ಮುಂಚೆ ಊರ ಬಾವಿಗಳ ಮೋಟಾರು ಬಿಚ್ಚಿ ಕಟ್ಟುತ್ತಿದ್ದವ. ಆಮೇಲೂ ಮೋಟಾರಿನ ಗುರುಗುಟ್ಟುವಿಕೆ ಕೇಳಿಯೇ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ. ಅಕ್ಕಲಕೋಟದಲ್ಲಿ ಬಾಗಿಲು ಹಾಕಿದ ಸೈಬರ್ ಕೆಫೆಯೊಂದರಿಂದ ಈ ಹಳೆಯ ಯಂತ್ರ ತಂದು, ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಮು ಹಾಕಿಸಿಕೊಂಡು, ಕೀಲಿಮಣೆಯನ್ನು ಬೆರಳಿನಿಂದಲೇ ಕಲಿತ. ಗುರುವೂ ಇಲ್ಲ, ಸಾಲಿಯೂ ಇಲ್ಲ. ಹದಿನಾಲ್ಕು ವರ್ಷದಿಂದ ದಿನಾ ನಾಲ್ಕು ಸಾಲು ಬರೆಯುತ್ತಿದ್ದ: ಮಳೆ, ಬಾವಿಯ ನೀರು, ಯಾರ ಮನೆಯಲ್ಲಿ ಯಾವ ಎತ್ತು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ತಾನು ಬರೆದದ್ದನ್ನು ತಾನೇ ಕೇಳುತ್ತಿದ್ದ. ಓದಿ ಹೇಳು ಎಂದು ಯಾರ ಮುಂದೂ ಕೈಚಾಚಿದವನಲ್ಲ.

ಮಗ ಯೋಗಿರಾಜ ಇದೇ ತಕ್ಕ ಸಮಯ ಎಂದುಕೊಂಡ.

"ಅಪ್ಪಾ, ಇದು ಮುಗೀತು. ಐತವಾರ ಹಳೇ ಸಾಮಾನು ಕೊಳ್ಳೋ ಭಂಗಾರದ ಗಾಡಿ ಬರ್ತದ, ಹಾಕಿಬಿಡೂಣು. ಮೊಬೈಲೂ ಮಾತಾಡ್ತದ, ಒಂದು ಕೊಡಸ್ತೀನಿ."

"ಮೊಬೈಲಿಗೆ ಗುಂಡಿ ಎಲ್ಲ್ಯವ? ತುಪ್ಪದಾಗ ಬೆರಳ ಜಾರಿದಂಗ ಜಾರ್ತಾವ."

"ಮತ್ತ ಸತ್ತದ್ದನ್ನ ಎಷ್ಟು ದಿನ ಕಾಯ್ಕೋಂತ ಕೂಡ್ತಿ?"

"ಸತ್ತದ ಅಂತ ಯಾರು ಹೇಳ್ಯಾರ?" ಮಲಕಾಜಪ್ಪ ಕೀಲಿಮಣೆಯ ಬಲ ಮೂಲೆಯ ಒಂದು ಗುಂಡಿ ಒತ್ತಿ ಹಿಡಿದು ಐದರವರೆಗೆ ಎಣಿಸಿದ. ಯಂತ್ರದ ಹೊಟ್ಟೆಯೊಳಗಿನ ಇನ್ನೊಂದು ಪುಟ್ಟ ಪೀಪಿ 'ಟುಂಯ್' ಎಂದಿತು. "ಕೇಳಿದಿ? ಜೀವ ಅದ. ಸದ್ದಿನ ತೂತಿಗೆ ಕುಂಕುಮದ ನೀರು ಹೊಕ್ಕು ಗಂಟಲಷ್ಟ ಹೋಗ್ಯಾದ. ಐತವಾರದ ತನಕ ಯಾರೂ ಮುಟ್ಟಬ್ಯಾಡ್ರಿ."

ಮರುದಿನವೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದ. ಹಳೆಯ ಕಂಪ್ಯೂಟರಿನ ಸಾಮಾನು ಮಾರುವ ಅಂಬಾದಾಸ ಮೊದಲು ನಕ್ಕ.

"ಕಶಾಲಾ ಕಾಕಾ? ಯಾಕ ಇಷ್ಟು ತ್ರಾಸ ತಗೋತೀರಿ? ಸೌಂಡ್ ಕಾರ್ಡ್ ಕೊಡ್ತೀನಿ, ಆದ್ರ ನಿಮ್ಮ ಸಿಸ್ಟಿಮ್ ಭಾಳ ಹಳೇದು. ಬರೇ ಕಾರ್ಡ್ ಚುಚ್ಚಿದರ ಆಗಂಗಿಲ್ಲ, ಅದಕ್ಕ ಡ್ರೈವರ್ ಹಾಕಬೇಕು."

"ಡ್ರೈವರ್ ಅಂದ್ರ?"

"ಕಾರ್ಡಿನ ಮಾತು ಕಂಪ್ಯೂಟರಿಗೆ ತಿಳೀಬೇಕಲ್ಲ, ನಡುವ ನಿಂತು ಹೇಳಾವ. ಈ ಸಿಡಿಯೊಳಗ ಅದಾನ. ಸಿಡಿ ಹಾಕ್ರಿ, ನಾಕು ಸಲ ಎಂಟರ್ ಒತ್ರಿ, ಬಂದ್ ಮಾಡಿ ಚಾಲೂ ಮಾಡ್ರಿ. ಝಾಲಾ, ಆತು."

ಮಲಕಾಜಪ್ಪ ಮನೆಗೆ ಬಂದು ಡಬ್ಬಿ ಬಿಚ್ಚಿದ. ಕಾರ್ಡಿನ ಹಲ್ಲುಗಳನ್ನು ಬೆರಳಿನಿಂದ ಎಣಿಸಿ, ಗಾಡಿಯ ಗಾಲಿಗೆ ಕಡಾಣಿ ಹೊಡೆದಷ್ಟೇ ಬಿಗಿಯಾಗಿ ಕೂರಿಸಿದ. ಕಾರ್ಡಿನ ತೂತುಗಳಲ್ಲಿ ಹಸಿರಿನದಕ್ಕೆ ವೈರು ಹಾಕಿ ಎಂದಿದ್ದ ಅಂಬಾದಾಸ. ಹಸಿರು ಬೆರಳಿಗೇನು ತಿಳಿದೀತು? ಒಂದೊಂದಾಗಿ ಎಲ್ಲದರಲ್ಲೂ ಹಾಕಿ ನೋಡಬೇಕಾಗುತ್ತದೆಂದು ಹಳೆಯ ಸ್ಪೀಕರು ತಂದು ಜೋಡಿಸಿದ. ಇಯರ್‌ಫೋನು ಮೊಳೆಗೆ ನೇತುಬಿತ್ತು. ಸಿಡಿ ಹಾಕಿದ. ನಾಲ್ಕು ಎಂಟರ್. ಬಂದ್. ಚಾಲೂ. ಎಲ್ಲ ತೂತಿನಲ್ಲೂ ಮೌನ.

ಶನಿವಾರದ ಹೊತ್ತಿಗೆ ಹತ್ತು ಸಲ ಮಾಡಿದ್ದ. ಆದರೆ ಅವನಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚು. ಎಲ್ಲಿ ನಿಲ್ಲುತ್ತಿದೆ ಇದು? ಐತವಾರ ಬೆಳಿಗ್ಗೆ ಸಿಡಿ ಓದುವ ಡಬ್ಬಿಗೆ ಕಿವಿ ಹಚ್ಚಿ ಕೂತ. ಮೊದಲ ಎಂಟರ್‌ಗೆ ಸಿಡಿ ಗಿರ್ರೆಂದು ತಿರುಗಿತು, ಎರಡನೆಯದಕ್ಕೆ ಇನ್ನೂ ಜೋರಾಯಿತು. ಮೂರನೆಯದು ಒತ್ತಿದ ಮೇಲೆ ನೊಗ ಕಳಚಿದ ಎತ್ತಿನಂತೆ ತಣ್ಣಗಾಯಿತು. ಇಷ್ಟು ಬೇಗ ಓದು ಮುಗಿಯಲು ಸಾಧ್ಯವಿಲ್ಲ. ಮೂರನೆಯದಕ್ಕೆ ಮುಂಚೆ ಪರದೆ ಏನೋ ಕೇಳುತ್ತಿದೆ. ತಾನು ಏನೋ ಉತ್ತರ ಕೊಡುತ್ತಿದ್ದೇನೆ. ಏನೆಂದು?

ಅದನ್ನು ತಿಳಿಯಲು ಕಣ್ಣು ಬೇಕು. ಹೊರಗೆ ಓಣಿಯ ತುದಿಯಲ್ಲಿ ಭಂಗಾರದವನ ಕೂಗು ಕೇಳಿಸಿತು. ಮಲಕಾಜಪ್ಪ ಅಡುಗೆಮನೆಯತ್ತ ಮುಖ ತಿರುಗಿಸಿ ಕರೆದ.

"ಚಂದ್ರಾ, ಸ್ವಲ್ಪ ಬಾ ಇಲ್ಲಿ. ಪರದೆ ನೋಡಿ ಹೇಳು."

ಪೂಜೆಯ ದಿನದಿಂದ ಅವನ ಕಣ್ಣಿಗೆ, ಅಂದರೆ ಕಿವಿಗೆ, ಬೀಳದಂತೆ ಓಡಾಡುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಈಗ ನಾ ನೆನಪಾದೆನ? ಈ ಡಬ್ಬಿಗೆ ಕೊಟ್ಟ ಕಿವಿ ನನಗ ಎಂದೂ ಕೊಟ್ಟಿಲ್ಲ. ನನಗ ಇಂಗ್ಲಿಷ್ ಎಲ್ಲಿ ಬರ್ತದ್ರಿ?"

"ಓದಬ್ಯಾಡ. ಹೆಂಗ ಕಾಣ್ತದ ಹೇಳು, ಸಾಕು." ಅವನು ಎರಡು ಸಲ ಎಂಟರ್ ಒತ್ತಿ ಬೆರಳು ಎತ್ತಿದ.

"ಹಳದಿ ತಿಕೋನ ಬಂತು. ಉದ್ದ ಬರದಾರ. ಕೆಳಗ ಎರಡು ಪಟ್ಟಿ ಅವ."

"ಪಟ್ಟಿಯೊಳಗ ಮೊದಲನೇ ಅಕ್ಷರ?"

"ಎಡಕಿಂದರಾಗ ಕುಡಗೋಲು. ಹಿಡಿಕಿಲ್ಲ. ಬಲಕಿಂದರಾಗ ಹಾವು."

"ಹಾವಿನ ಮುಂದ?"

"ಕಂಬದ ಮ್ಯಾಲ ಅಡ್ಡ ತೊಲಿ. ಆಮ್ಯಾಲ ಒಂದು ಗುಂಡ ರೊಟ್ಟಿ. ಆಮ್ಯಾಲ ಕೋಲಿನ ತಲಿಗೆ ಬುತ್ತಿ ಗಂಟು ಕಟ್ಟಿದಂಗ ಒಂದು." ಪರದೆಗೆ ಮೂಗು ತಾಗುವಂತೆ ಬಗ್ಗಿದಳು. "ಹಾವಿನ ಪಟ್ಟಿ ಸುತ್ತ ಸಣ್ಣ ಚುಕ್ಕಿ ಗೀಟು ಹೊಡದಾರ. ರಂಗೋಲಿ ಹಂಗ. ಕುಡಗೋಲಿಗಿಲ್ಲ."

ಮಲಕಾಜಪ್ಪ ಗಾಳಿಯಲ್ಲಿ ಬೆರಳಾಡಿಸಿ ಹಾವು, ತೊಲೆ, ರೊಟ್ಟಿ, ಗಂಟು ಬರೆದ. ಕಣ್ಣಿದ್ದ ಕಾಲದಲ್ಲಿ ಮೋಟಾರಿನ ಸ್ಟಾರ್ಟರ್ ಡಬ್ಬಿಯ ಕೆಂಪು ಗುಂಡಿಯ ಮೇಲೆ ಇವೇ ನಾಲ್ಕು ಅಕ್ಷರ ಸಾವಿರ ಸಲ ನೋಡಿದ್ದ. ಸ್ಟಾಪ್! ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಾತ್ರಿ?"

"ಚುಕ್ಕಿ ಗೀಟು ಇದ್ದದ್ದಕ್ಕ ಎಂಟರ್ ಬೀಳ್ತದ. ಹೊಸಬನ್ನ ಒಳಗ ಬಿಡಲ್ಯಾ, ತಡೀಲ್ಯಾ ಅಂತ ಅದು ಕೇಳ್ತದ. ಹತ್ತು ಸಲ ನಾನ ತಡಿ ಅಂದೀನಿ! ಕಣ್ಣಿದ್ದ ಅಂಬಾದಾಸ ಮೌಸ್ ಹಿಡಿದು ಕುಡಗೋಲಿನ ಮ್ಯಾಲ ಒತ್ತತಾನ, ಹೇಳಾಕ ಮರ್ತಾನ."

"ಹಂಗಾರ ಗೀಟು ಕುಡಗೋಲಿಗೆ ತರ್ರಿ."

ಅವನು ಎಡಬಾಣದ ಗುಂಡಿ ಒತ್ತಿದ. "ಬಂತ?"

"ಬಂತು!"

ಎಂಟರ್. ಈ ಸಲ ಸಿಡಿ ತಣ್ಣಗಾಗಲಿಲ್ಲ. ರಾಶಿ ಮಾಡುವ ಯಂತ್ರದಂತೆ ಗಿರಗಿರನೆ ಓಡಿತು. ಮಲಕಾಜಪ್ಪ ಎಣಿಸುತ್ತ ಕೂತ. ಅದು ನಿಂತ ಮೇಲೆ ನಾಲ್ಕನೆಯ ಎಂಟರ್ ಒತ್ತಿದ. ಬಂದ್ ಮಾಡಿದ, ಚಾಲೂ ಮಾಡಿದ. ವೈರನ್ನು ಮೊದಲ ತೂತಿಗೆ ಹಾಕಿದ, ಇಲ್ಲ. ಎರಡನೆಯದಕ್ಕೆ ಹಾಕುತ್ತಲೇ ಒಣ ಜೋಳದ ದಂಟು ಮುರಿದಂಥ ಆ ಹಳೆಯ ದನಿ ಕೋಣೆ ತುಂಬ ಕೇಳಿತು. ಕೊನೆಯ ಬರಹ ತೆರೆದ.

"ಖಂಡೇನವಮಿ. ಮುಂಜಾನೆ ಮೋಡ. ಬಾವಿಯಲ್ಲಿ ಹನ್ನೊಂದು ಮೆಟ್ಟಿಲು ನೀರು. ಚಂದ್ರಾ ಯಂತ್ರಕ್ಕೂ ಪೂಜೆ ಮಾಡುತ್ತಾಳಂತೆ. ಬೇಡವೆಂದರೆ ಮುಖ ಸಣ್ಣದು ಮಾಡುತ್ತಾಳೆ. ಮಾಡಲಿ."

ಚಂದ್ರಭಾಗಾ ಸ್ಪೀಕರನ್ನೂ ಗಂಡನನ್ನೂ ನೋಡಿದಳು. ಹದಿನಾಲ್ಕು ವರ್ಷ ಇಯರ್‌ಫೋನಿನೊಳಗೆ ಹರಿದದ್ದು ಇದು.

"ನನ್ನ ಬಗ್ಗೆ ಬರೀತಿದ್ರಿ?"

"ಬಾವಿ, ಎತ್ತು, ನೀ. ಮತ್ತೇನದ ಬರಿಯಾಕ?"

"ಎತ್ತಿನ ಆಮ್ಯಾಲ ನಾನೇನು?" ಎನ್ನುತ್ತ ಅವಳು ಮಣೆ ಎಳೆದುಕೊಂಡು ಕೂತಳು. "ಹಿಂದಿಂದು ಓದಸ್ರಿ."

ಬಾಗಿಲಲ್ಲಿ ಯೋಗಿರಾಜ ನಿಂತಿದ್ದ. ಅವನ ಹಿಂದೆ ಭಂಗಾರದವ ತಕ್ಕಡಿ ಬಡಿದು ಕೂಗುತ್ತಿದ್ದ. "ಅಪ್ಪಾ, ಗಾಡಿ ಬಂದಾದ. ಏನ ಹೇಳ್ಲಿ?"

ಉತ್ತರ ತಾಯಿಯಿಂದ ಬಂತು.

"ಮೊದಲ ಅವನ ಬಾಯಿ ಬಂದ್ ಮಾಡಸೋ. ಇಲ್ಲಿ ಕೇಳಾಕತ್ತೀನಿ."