ಮೇಷ್ಟರಿಗೆ ಹೊದಿಸಿದ ಶಾಲು

ಮೊನ್ನೆ ಮಂಡ್ಯದಿಂದ ಬಂದ ಹುರಿಹಿಟ್ಟಿನ ಪ್ಯಾಕೆಟ್ಟು ಒಡೆದೆ. ಹುರಿದ ಕಾಳಿನ ಆ ವಾಸನೆಗೆ ಮೇಷ್ಟ್ರು ನೆನಪಾದರು. ಅವರ ಹಿಂದೆಯೇ ಸಿಟ್ಟೂ ಬಂತು.

ಕಡಲಾಚೆಯ ಈ ಹೇವರ್ಡಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟು ಅವರದು. ಟಿಬೆಟಿನವರು. ಬೈಲುಕುಪ್ಪೆಯ ಕ್ಯಾಂಪಿನಲ್ಲಿ ಬೆಳೆದು, ಅಲ್ಲಿಯೇ ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟು, ವಯಸ್ಸಾದ ಮೇಲೆ ಮಗಳ ಮನೆಗೆ ಬಂದಿದ್ದರು. ಹುರಿದ ಬಾರ್ಲಿ ಹಿಟ್ಟನ್ನು ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಾ, ನನಗಿಂತ ಚೊಕ್ಕ ಕನ್ನಡ ಮಾತಾಡುತ್ತಿದ್ದರು. ಟಿಬೆಟ್ ಎಂದೊಡನೆ ಜನ ಕೈಮುಗಿದು ಕಣ್ಣು ಮುಚ್ಚಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

"ನಾವೇನು ಹುಟ್ತಾನೇ ಸನ್ಯಾಸಿಗಳಾ? ಕಣಿವೆಗೊಬ್ಬ ಪಾಳೇಗಾರ ಇದ್ದ. ಒಬ್ರ ದನ ಇನ್ನೊಬ್ರು ಹೊಡ್ಕೊಂಡು ಹೋಗ್ತಿದ್ರು. ಅಂಥವರನ್ನ ಸೇರಿಸಿ ಒಂದು ರಾಜ್ಯ ಕಟ್ಟಿದ್ದು ಸುಮ್ನೆ ಅಲ್ಲ ಕಣಮ್ಮ."

ಇಲ್ಲಿಯ ಮಕ್ಕಳಿಗೆ ಒಮ್ಮೆಯಾದರೂ ಇದನ್ನು ಹೇಳಬೇಕೆಂಬುದು ಅವರ ಆಸೆ. ಸ್ವಂತ ಮೊಮ್ಮಕ್ಕಳು ಕಿವಿಗೊಡುತ್ತಿರಲಿಲ್ಲ. ಓಡಾಡಿ, ನಮ್ಮ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಅವರನ್ನು ಕರೆಸಿದೆ. ಮೇಷ್ಟ್ರು ಕಥೆ ಶುರು ಮಾಡಿದರು. ಟಿಬೆಟಿನ ಯಾರ್ಲುಂಗ್ ಕಣಿವೆಯಲ್ಲೊಬ್ಬ ಸಣ್ಣ ದೊರೆ. ಪಕ್ಕದ ದೊರೆಯ ಮೇಲೆ ಮುನಿದ ಕುಲದವರು ಗುಟ್ಟಾಗಿ ಇವನ ಬಳಿ ಬಂದು, ನಿನ್ನ ಕೈ ಬಿಡುವುದಿಲ್ಲವೆಂದು ಆಣೆ ಮಾಡಿದರು... ಫೋನು ಒತ್ತುತ್ತಿದ್ದ ಮಕ್ಕಳೂ ತಲೆ ಎತ್ತಿದರು.

"ಕುಲದವರು ಆಣೆ ಮಾಡಿದ್ರೆ ಸಾಲ್ದು, ರಾಜನೂ ತಿರುಗಿ ಆಣೆ ಮಾಡ್ಬೇಕು. ಆಗ ರಾಜ ಎದ್ದು ನಿಂತು..."

ಅಷ್ಟರಲ್ಲಿ ಕೂಟದ ಕಾರ್ಯದರ್ಶಿ ಶಾಲು ಹಿಡಿದು ವೇದಿಕೆ ಹತ್ತಿದರು. ಬಿಸಿಬೇಳೆಬಾತು ಆರಿ ಹೋಗುತ್ತಿತ್ತಂತೆ! ನಮ್ಮವರಿಗೆ ಒಬ್ಬರ ಬಾಯಿ ಮುಚ್ಚಿಸಲು ಬೈಗುಳ ಬೇಡ, ಸನ್ಮಾನ ಸಾಕು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ಹೊಡೆದರು. "ಶಾಂತಿಯ ನಾಡಿಂದ ಬಂದ ಹಿರಿಯರಿಗೆ ಜೋರಾಗಿ ಚಪ್ಪಾಳೆ!" ಎಂದರು ಕಾರ್ಯದರ್ಶಿ. "ಅವರ ಮಾತು ಮುಗಿದಿಲ್ಲ ರೀ!" ಎಂದು ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, "ವೆಯ್ಟ್, ವಾಟ್ ಡಿಡ್ ದ ಕಿಂಗ್ ಸೇ?" ಎಂದಳು.

ಮನೆಗೆ ಮರಳುವಾಗ ಕಾರಿನಲ್ಲಿ ನಾನೂ ಅದನ್ನೇ ಕೇಳಿದೆ. ಮೇಷ್ಟ್ರು ಫ್ರೀವೇ ನೋಡುತ್ತಾ, "ಶಾಲು ಹಾಕಾಯ್ತಲ್ಲಮ್ಮ, ಇನ್ನೇನು ಕಥೆ" ಎಂದರು. ಆಮೇಲೆ ಎಷ್ಟು ಗೋಗರೆದರೂ ಆ ಮಾತೆತ್ತಲಿಲ್ಲ...

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈಗ ಕೂಟದ ಸ್ಮರಣ ಸಂಚಿಕೆಯಲ್ಲಿ ಅದೇ ಶಾಲಿನ ಫೋಟೋ, ಅಡಿಯಲ್ಲಿ ‘ಶಾಂತಿದೂತ’ ಅಂತೆ. ಕಾರ್ಯದರ್ಶಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ಒಳ್ಳೇದೇ ಬರ್ದಿದೀವಲ್ಲ ಮೇಡಂ" ಎಂದರು.

ರಾಜ ಏನೆಂದ ಎಂದು ಮಗಳು ಈಗಲೂ ಕೇಳುತ್ತಾಳೆ. ನನಗೆ ಗೊತ್ತಿಲ್ಲ ಮಗಳೇ. ಗೊತ್ತಿದ್ದವರನ್ನು ನಾವು ಚಪ್ಪಾಳೆ ತಟ್ಟಿ ಕೂರಿಸಿಬಿಟ್ಟೆವು.