ಏಳು ಸಿಲಿಂಡರು, ಒಂದು ಸೊಟ್ಟ ಹಲ್ಲು

ಊರಿನ ಅರ್ಧಕ್ಕರ್ಧ ಮುದುಕರು ಬಾಯಿ ತುಂಬ ನಗುತ್ತಿದ್ದುದು ಹಲ್ಲಣ್ಣನ ದಯೆಯಿಂದ. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯಲ್ಲಿ, ಒಂದೇ ಕಿಟಕಿಯ ಕೋಣೆಯೊಳಗೆ ಕೂತು ಅವನು ಹಲ್ಲುಸೆಟ್ಟು ಮಾಡುತ್ತಿದ್ದ. ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸಿದರೆ ಅವರ ಕೆಲಸ ಮುಗಿಯಿತು, ಅಲ್ಲಿಂದ ಮುಂದಿನದೆಲ್ಲ ಇವನ ಪಾಲು. ಅಚ್ಚಿಗೆ ಪ್ಲಾಸ್ಟರ್ ಹುಯ್ಯಬೇಕು, ಗುಲಾಬಿ ಮೇಣದಲ್ಲಿ ಒಸಡು ಕಟ್ಟಬೇಕು, ಅದರೊಳಗೆ ಒಂದೊಂದೇ ಹಲ್ಲು ಕೂರಿಸಬೇಕು, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗಟ್ಟಿ ಒಸಡು ತುಂಬಿ, ಹೊಳೆಯುವವರೆಗೂ ಉಜ್ಜಬೇಕು. ಅವನು ಬೀದಿಯಲ್ಲಿ ನಡೆದರೆ ಎದುರಿಗೆ ಸಿಕ್ಕವರು ನಮಸ್ಕಾರದ ಬದಲು ಹಲ್ಲು ಕಿರಿದು ತೋರಿಸಿ ಮುಂದೆ ಹೋಗುತ್ತಿದ್ದರು.

ಇಂಥವನ ಮನೆಯಲ್ಲೇ ಒಬ್ಬರು ಬೊಚ್ಚುಬಾಯಲ್ಲಿ ಕೂತಿದ್ದರೆ ಅವನಿಗೆ ಹೇಗಾಗಬೇಡ?

ಕೂತಿದ್ದವರು ಹೆಂಡತಿಯ ಅಪ್ಪ. ವಿಮಾನದ ಎಂಜಿನ್ ರಿಪೇರಿಯಾದ ಮೇಲೆ ಅದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಿ ಪಾಸು ಮಾಡುವ ಕೆಲಸದಲ್ಲಿ ಕೂದಲು ನರೆಸಿಕೊಂಡು, ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದವರು. ಬಂದ ಹೊಸದರಲ್ಲೇ ಹಲ್ಲಣ್ಣ ಅವರಿಗೊಂದು ಸೆಟ್ಟು ಮಾಡಿಕೊಟ್ಟಿದ್ದ. ತನ್ನ ಜೀವಮಾನದಲ್ಲಿ ಅಷ್ಟು ಮುತುವರ್ಜಿಯಿಂದ ಇನ್ಯಾರಿಗೂ ಮಾಡಿರಲಿಲ್ಲ. ಮಾವ ಅದನ್ನು ಒಮ್ಮೆ ಬಾಯಿಗಿಟ್ಟು, ತೆಗೆದು, ತಿರುಗಿಸಿ ಮುರುಗಿಸಿ ನೋಡಿ, ನೀಲಿ ಡಬ್ಬಿಯಲ್ಲಿ ಹಾಕಿ ಗಡಿಯಾರದ ಪಕ್ಕದಲ್ಲಿಟ್ಟರು. ಡಬ್ಬಿ ಅವತ್ತಿನಿಂದ ಅಲ್ಲೇ ಇತ್ತು.

"ಎಲ್ಲಾದ್ರೂ ಒತ್ತುತ್ತಾ ಮಾವ?"

"ಒತ್ತಲ್ಲ."

"ಸಡಿಲ ಇದೆಯಾ?"

"ಇಲ್ಲ."

"ಮತ್ತೆ?"

"ಕೆಲಸ ಪಾಸಾಗಿಲ್ಲ ಅಳಿಯಂದ್ರೆ."

ಅದಕ್ಕಿಂತ ಹೆಚ್ಚಿಗೆ ಒಂದಕ್ಷರ ಹೇಳುತ್ತಿರಲಿಲ್ಲ. ಅವರ ಕಸುಬಿನಲ್ಲಿ ಅದೇ ಪದ್ಧತಿಯಂತೆ. ತಪ್ಪು ಎಲ್ಲಿದೆಯೆಂದು ತೋರಿಸಿಕೊಟ್ಟರೆ ಮೆಕ್ಯಾನಿಕ್ಕು ಅದೊಂದನ್ನೇ ಸರಿ ಮಾಡಿ ಕೈತೊಳೆದುಕೊಳ್ಳುತ್ತಾನೆ, ತೋರಿಸದಿದ್ದರೆ ಇಡೀ ಎಂಜಿನ್ನನ್ನು ಮತ್ತೆ ಜಾಲಾಡುತ್ತಾನೆ. ಹಲ್ಲಣ್ಣ ಸೆಟ್ಟನ್ನು ಜಾಲಾಡಿದ, ತಳ ಉಜ್ಜಿದ, ಅಂಚು ತೀಡಿದ, ಕೊನೆಗೆ ತಳವನ್ನೇ ಹೊಸದಾಗಿ ಹಾಕಿದ. ಮಾವ ಪ್ರತಿ ಸಲವೂ ಭೂತಗನ್ನಡಿಯಲ್ಲಿ ನೋಡಿ ಡಬ್ಬಿಗೆ ಹಾಕಿದರು. ಆಮೇಲೆ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಕರಗಿ ಲೋಟದೊಳಗೆ ಬೀಳುವ ಮುಂಚೆ ಬಾಯಿಗೆ ಸೇರಿಸಿದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಈ ಮನೆಯಲ್ಲಿ ಎರಡೂ ಇದ್ದವು, ತಿನ್ನುವವರಿಗೆ ಮನಸ್ಸಿರಲಿಲ್ಲ.

ಪಾಸಾದ ಕೆಲಸಕ್ಕೆ ಮಾವನದೊಂದು ಗುರುತಿತ್ತು. ವಿಮಾನದಲ್ಲಿ ನಟ್ಟು ಬಿಗಿ ಮಾಡುವವನು ಒಬ್ಬ, ನೋಡುವವನು ಇನ್ನೊಬ್ಬ. ನೋಡಿದವನು ನಟ್ಟಿನ ಮೇಲಿಂದ ಅದರ ಬುಡದವರೆಗೆ ಕೆಂಪು ಬಣ್ಣದ ಒಂದು ಸಣ್ಣ ಗೆರೆ ಎಳೆಯುತ್ತಾನೆ. ಮುಂದೆ ಎಂದಾದರೂ ನಟ್ಟು ಸಡಿಲವಾಗಿ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಈ ಚಟ ಮಾವನ ಜೊತೆ ಮನೆಗೂ ಬಂದಿತ್ತು. ಮಗಳ ಉಗುರುಬಣ್ಣದಲ್ಲಿ ಫ್ಯಾನಿನ ಬೋಲ್ಟು, ನಲ್ಲಿಯ ತಿರುಪು, ಕುಕ್ಕರಿನ ಹಿಡಿ, ಬಾಗಿಲ ಕೀಲು, ಎಲ್ಲದಕ್ಕೂ ಗೆರೆ. ಹಲ್ಲಣ್ಣ ಕೂರಿಸಿದ ಬಚ್ಚಲಿನ ಶೆಲ್ಫಿಗೆ ಮಾತ್ರ ಇರಲಿಲ್ಲ. ಅದಕ್ಕೆ ಅವನು ಬೇಜಾರು ಮಾಡಿಕೊಳ್ಳುವಂತಿರಲಿಲ್ಲ, ಯಾಕೆಂದರೆ ಶೆಲ್ಫು ನಿಜಕ್ಕೂ ವಾಲಿಕೊಂಡಿತ್ತು. ಆದರೆ ಹಲ್ಲು? ಹಲ್ಲಿನ ವಿಷಯದಲ್ಲಿ ಅವನನ್ನು ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಆ ನೀಲಿ ಡಬ್ಬಿ ಕಾಣದಿರಲೆಂದು ಅವನು ಗಡಿಯಾರ ನೋಡುವುದನ್ನೇ ಬಿಟ್ಟಿದ್ದ.

ಮಾವನ ಬಾಯಲ್ಲಿ ಹಲ್ಲಿರಲಿಲ್ಲವೇ ಹೊರತು ಕಥೆಗೇನೂ ಬರವಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಮೂರು ಗಾಲಿಯ ಗಾಡಿಯ ಕಥೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್ನು ಹಾರಬಾರದೆಂದು ಮೂಲೆಗೆ ಹಾಕಿದ್ದ ತರಬೇತಿ ವಿಮಾನದ ಎಂಜಿನ್ನೊಂದನ್ನು ಗೆಳೆಯರೆಲ್ಲ ಸೇರಿ ಮೂರು ಗಾಲಿಯ ಮೋಟರ್‌ಸೈಕಲ್ಲಿಗೆ ಕೂರಿಸಿದ್ದರು. ಮುಂದೊಂದು ಗಾಲಿ, ಹಿಂದೆರಡು, ನಡುವೆ ನಕ್ಷತ್ರದ ಹಾಗೆ ಸುತ್ತಲೂ ಏಳು ಸಿಲಿಂಡರು. ಶೆಡ್ಡಿನ ಹಿಂದಿನ ರಸ್ತೆಯಲ್ಲಿ ಅದು ಒಂದೇ ಸಲ ಓಡಿತು. ಓಡಿಸಿದವರು ಮಾವ. ಸದ್ದಿಗೆ ಓಡಿ ಬಂದ ಮೇಲಧಿಕಾರಿ ಸಂಜೆಯೊಳಗೆ ಎಲ್ಲ ಬಿಚ್ಚಿಸಿದರು. ಒಂದು ಚಿತ್ರವೂ ಉಳಿಯಲಿಲ್ಲ. ಕಥೆ ಕೇಳಿದವರು ಮುಖ ತಿರುಗಿಸಿಕೊಂಡು ನಗುತ್ತಿದ್ದರು.

"ರೀ, ಅಪ್ಪನ ಗಾಡಿ ಮಾಡಿಕೊಡಿ," ಅಂದಳು ಹೆಂಡತಿ ಒಂದು ದಿನ. ಅವಳು ಬಸ್ ಡಿಪೋದಲ್ಲಿ ಟಿಕೆಟ್ ಕೌಂಟರಿನವಳು, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. "ಸಣ್ಣದಾಗಿ, ಮೇಜಿನ ಮೇಲೆ ಇಡೋ ಹಾಗೆ. ಮೇಣ, ಎರಕ, ಉಜ್ಜೋದು, ನಿಮಗೆ ಬರದೇ ಇರೋದು ಏನಿದೆ ಅದ್ರಲ್ಲಿ?"

"ಮಾಡ್ತೀನಿ. ಪಾಸ್ ಯಾರು ಮಾಡ್ತಾರೆ?"

"ಅಪ್ಪನೇ ಮಾಡ್ಲಿ. ಅದಕ್ಕಾದ್ರೂ ಒಂದು ಗೆರೆ ಎಳೀಲಿ ನೋಡೋಣ."

ಹಲ್ಲಣ್ಣನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಗಾಡಿಯ ಮೇಲೊಂದು ಕೆಂಪು ಗೆರೆ ಬಿದ್ದರೆ, ಆ ಧೈರ್ಯದ ಮೇಲೆ ಹಲ್ಲಿನ ಮಾತು ಮತ್ತೆ ಎತ್ತಬಹುದು. ಎತ್ತಿದರೆ ಮಾವ ಈ ಸಲವಾದರೂ ಬಾಯಿ ಬಿಟ್ಟಾರು. ಅವನಿಗೆ ಬೇಕಾಗಿದ್ದು ಅಷ್ಟೇ, ಮಾವ ಆ ಹಲ್ಲು ಹಾಕಿಕೊಂಡು ಒಂದು ಸಲ ನಗಬೇಕು.

ಕೆಲಸ ಶುರುವಾಯಿತು. ನಿಜವಾದ ಗಾಡಿಯ ಎಂಟನೇ ಒಂದು ಪಾಲು ಎಂದು ಅಳತೆ ಗೊತ್ತು ಮಾಡಿಕೊಂಡರು. ಕ್ಲಿನಿಕ್ಕಿನ ಬಿಡುವಿನ ಹೊತ್ತಿನಲ್ಲಿ ಮಾವ ಬಂದು ಸ್ಟೂಲಿನ ಮೇಲೆ ಕೂತು ನೆನಪಿನಿಂದಲೇ ಅಳತೆ ಹೇಳುವುದು, ಹಲ್ಲಣ್ಣ ಮಾಡುವುದು. ಹಲ್ಲು ನೆಟ್ಟಗೆ ಮಾಡಲು ಕಟ್ಟುವ ತಂತಿ ಗಾಲಿಯ ಕಡ್ಡಿಗಳಾಯಿತು. ಬಾಯಿಯ ಅಚ್ಚು ತೆಗೆಯುವ ರಬ್ಬರು ಟೈರಾಯಿತು. ಸೀಟಿಗೆ ಹೆಂಡತಿಯ ಹಳೆಯ ಚರ್ಮದ ಚೀಲ ಬಲಿಯಾಯಿತು. ಅದು ಅಷ್ಟೇನೂ ಹಳೆಯದಲ್ಲವೆಂದು ಅವಳು ಆಮೇಲೆ ಹೇಳಿದಳು, ಹೇಳುತ್ತಲೇ ಇದ್ದಳು. ಹಿಂದಿನ ಗಾಲಿ ತಿರುಗಿಸಿದರೆ ಸರಪಳಿ ತಿರುಗಿ ಎಂಜಿನ್ನಿನ ನಡುದಂಡವೂ ತಿರುಗಬೇಕೆಂದು ಮಾವ ಹಟ ಹಿಡಿದರು. ಸರಪಳಿಯ ಕೊಂಡಿಗಳನ್ನು ಪೋಣಿಸುವಷ್ಟರಲ್ಲಿ ಹಲ್ಲಣ್ಣನಿಗೆ ಸಾಕುಬೇಕಾಗಿ ಹೋಯಿತು.

ಎಂಜಿನ್ನು ಮಾತ್ರ ಅವನ ಸ್ವಂತ ಅಂಗಳ. ಒಂದು ಸಿಲಿಂಡರನ್ನು ಮೇಣದಲ್ಲಿ ಕೆತ್ತಿ, ಗಾಳಿಗೆ ತಣಿಯಲು ಅದರ ಸುತ್ತ ಇರುವ ತೆಳು ಪಟ್ಟಿಗಳನ್ನು ಒಂದೊಂದಾಗಿ ಗೀರಿ, ಅದರ ಅಚ್ಚಿನಿಂದ ಏಳು ಮೇಣದ ಸಿಲಿಂಡರು ಎತ್ತಿದ. ಅವನ್ನು ದುಂಡನೆಯ ನಡುಭಾಗದ ಸುತ್ತ, ಒಸಡಿಗೆ ಹಲ್ಲು ಕೂರಿಸುವ ಹಾಗೆಯೇ ಕೂರಿಸಿದ. ಆಮೇಲೆ ಹಲ್ಲಿನ ಕ್ಯಾಪು ಎರಕ ಹುಯ್ಯುವ ಲೋಹದಲ್ಲೇ ಇಡಿಯಾಗಿ ಎರಕ ಹುಯ್ದ. ಉಜ್ಜಿ ಎತ್ತಿ ಹಿಡಿದಾಗ ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ನೋಡಲು ಒಳಗೇ ಬಂದುಬಿಟ್ಟರು. ಹಲ್ಲಣ್ಣನ ಎದೆ ಉಬ್ಬಿತು.

ಮಾವ ಭೂತಗನ್ನಡಿ ತೆಗೆದರು. ಎಂಜಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು. ಮೇಜಿನ ಮೇಲಿಟ್ಟು ಏಳಲು ಮೊಣಕಾಲಿಗೆ ಕೈಯೂರಿದರು.

"ಪಾಸಾಗಿಲ್ಲ ಅಳಿಯಂದ್ರೆ."

ಹಲ್ಲಣ್ಣ ಸಿಟ್ಟು ಮಾಡಿಕೊಳ್ಳುವ ಪೈಕಿ ಅಲ್ಲ. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡೇ ಸುಮ್ಮನಿದ್ದ. ಇವತ್ತು ಮಾತ್ರ ಆಗಲಿಲ್ಲ. ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಈ ಸಲ ಹೇಳ್ಲೇಬೇಕು ಮಾವ. ಏನು ತಪ್ಪು ಅಂತ ಹೇಳದೆ ನೀವು ಇಲ್ಲಿಂದ ಹೋಗೋ ಹಾಗಿಲ್ಲ. ನಾನು ನಿಮ್ಮ ಶೆಡ್ಡಿನ ಮೆಕ್ಯಾನಿಕ್ ಅಲ್ಲ, ನಿಮ್ಮ ಮಗಳ ಗಂಡ."

ಮಾವ ಅವನ ಮುಖ ನೋಡಿದರು, ಬಾಗಿಲು ನೋಡಿದರು, ಮತ್ತೆ ಸ್ಟೂಲಿನ ಮೇಲೆ ಕೂತರು. ಜೀವನದಲ್ಲಿ ಮೊದಲ ಸಲ ಅವರ ಪದ್ಧತಿ ಮುರಿಯಿತು.

"ಐದನೇದು ಸೊಟ್ಟ."

ಹಲ್ಲಣ್ಣ ಬಗ್ಗಿ ನೋಡಿದ. ಹೌದು, ಮೇಲಿನಿಂದ ಎಣಿಸಿದರೆ ಐದನೇ ಸಿಲಿಂಡರು ಇಷ್ಟೇ ಇಷ್ಟು ಪಕ್ಕಕ್ಕೆ ತಿರುಗಿ ನಿಂತಿತ್ತು. ಅವನಿಗೆ ಸಿಟ್ಟೆಲ್ಲ ಇಳಿದು ನಗು ಬಂತು.

"ಓ, ಅದಾ? ಅದು ಕೈಗೆ ಹತ್ತಿದ ಚಾಳಿ ಮಾವ. ಸಾಲಿನಲ್ಲಿ ಒಂದನ್ನ ಬೇಕಂತಲೇ ಸೊಟ್ಟ ಕೂರಿಸ್ತೀವಿ."

"ಬೇಕಂತಲೇ?"

"ಎಲ್ಲಾ ನೆಟ್ಟಗೆ ಇದ್ರೆ ಕಟ್ಟಿಸಿದ ಹಲ್ಲು ಅಂತ ಆ ಬೀದಿ ಕೊನೆಯಿಂದಲೇ ಗೊತ್ತಾಗುತ್ತೆ. ಒಂದು ಚೂರು ತಿರುಗಿದ್ರೆ ಅವರದೇ ಹಲ್ಲು ಅನ್ಸುತ್ತೆ. ಸೊಟ್ಟ ಕೂರಿಸೋದು ಸುಲಭ ಅಂದ್ಕೋಬೇಡಿ, ಅದನ್ನ ಕಲಿಯೋಕೇ ನಂಗೆ ವರ್ಷಗಟ್ಟಲೆ ಹಿಡೀತು."

"ಎಂಜಿನ್ ಅಂದ್ರೆ ಬಾಯಲ್ಲ. ಅದು ನಗೋದು ಬೇಡ, ತಿರುಗಿದ್ರೆ ಸಾಕು," ಅಂದರು ಮಾವ. ಭೂತಗನ್ನಡಿಯನ್ನು ಜೇಬಿಗೆ ಹಾಕಲು ಹೋದ ಕೈ ಅರ್ಧದಲ್ಲೇ ನಿಂತಿತು. "ಹಾಗಾದ್ರೆ, ಆ ನೀಲಿ ಡಬ್ಬೀಲಿ ಇರೋದು? ಮೇಲಿನ ಸಾಲು, ಎಡಗಡೆ, ಮುಂದಿನದರ ಪಕ್ಕದ್ದು. ಅದೂ ಬೇಕಂತಲೇನಾ?"

ಹಲ್ಲಣ್ಣನಿಗೆ ಆಗ ಹೊಳೆಯಿತು. ಒತ್ತುವುದಿಲ್ಲ, ಸಡಿಲವಿಲ್ಲ, ಆದರೂ ಪಾಸಿಲ್ಲ. ಇಷ್ಟು ವರ್ಷ ಮಾವ ಆ ಒಂದು ಹಲ್ಲನ್ನು ನೋಡಿ, ಅಳಿಯ ತನ್ನ ಬಾಯಿಯ ಕೆಲಸವನ್ನು ಬೇಕಾಬಿಟ್ಟಿ ಮಾಡಿದ್ದಾನೆಂದು ತಿಳಿದಿದ್ದರು. ಇವನಾದರೂ ಹೇಳಿದ್ದನೇ? ಅವನ ಕಸುಬಿನಲ್ಲೂ ಅದನ್ನು ಹೇಳುವಂತಿಲ್ಲ. ಯಾವ ಹಲ್ಲು ಸೊಟ್ಟವೆಂದು ಬಾಯಿಬಿಟ್ಟರೆ ಜನ ಕನ್ನಡಿಯ ಮುಂದೆ ನಿಂತು ಅದೊಂದನ್ನೇ ನೋಡುತ್ತಾರೆ. ತಪ್ಪು ತೋರಿಸಬಾರದೆಂದು ಅವರು ಸುಮ್ಮನಿದ್ದರು, ಗುಟ್ಟು ಬಿಡಬಾರದೆಂದು ಇವನು ಸುಮ್ಮನಿದ್ದ. ಇಬ್ಬರೂ ತಮ್ಮ ತಮ್ಮ ಕಸುಬಿಗೆ ನಿಯತ್ತಾಗಿದ್ದುದರಿಂದ ಮನೆಯಲ್ಲಿ ಬಿಸ್ಕತ್ತು ಟೀಯಲ್ಲಿ ಮುಳುಗುತ್ತಿತ್ತು.

"ಅದು ಬರೀ ಬೇಕಂತ ಮಾಡಿದ್ದಲ್ಲ ಮಾವ," ಅಂದ ಹಲ್ಲಣ್ಣ. "ಅದು ನಿಮ್ಮದೇ. ನಿಮ್ಮ ಮದುವೆ ಫೋಟೋ ನೋಡಿ ಕೂರಿಸಿದ್ದು."

"ನನ್ನ ಹಲ್ಲು ಯಾವಾಗ ಸೊಟ್ಟ ಇತ್ತು?"

ಈ ಪ್ರಶ್ನೆ ಹೊತ್ತುಕೊಂಡು ಇಬ್ಬರೂ ಮನೆಗೆ ಬಂದರು. ಹೆಂಡತಿ ಎರಡು ಮಾತಿನಲ್ಲಿ ಸಂಗತಿ ಕೇಳಿಕೊಂಡು, ಅಪ್ಪನ ಕುರ್ಚಿಯ ಹಿಂದಿನ ಗೋಡೆಯಿಂದ ಅವರ ಮದುವೆಯ ಫೋಟೋ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಕೈಗಿಟ್ಟಳು. ಮಾವ ದಿನಾ ಅದಕ್ಕೆ ಬೆನ್ನು ಹಾಕಿಕೊಂಡೇ ಕೂರುತ್ತಿದ್ದರು. ಈಗ ಭೂತಗನ್ನಡಿ ಹಿಡಿದು ನೋಡಿದರು. ಫೋಟೋದಲ್ಲಿ ಆಗಿನ್ನೂ ಮೀಸೆ ಬಿಡದ ಯುವಕನೊಬ್ಬ, ಪಕ್ಕದವಳು ಏನೋ ಅಂದಿದ್ದಕ್ಕೆ ತಡೆಯಲಾಗದೆ ನಗುತ್ತಿದ್ದ. ಮೇಲಿನ ಸಾಲು, ಎಡಗಡೆ, ಮುಂದಿನದರ ಪಕ್ಕದ್ದು.

"ಸೊಟ್ಟ ಇದೆ," ಅಂದರು ಮಾವ.

"ಇರೋದಿಲ್ವಾ ಮತ್ತೆ?" ಅಂದಳು ಮಗಳು. "ಅದನ್ನ ನೋಡೇ ನಾನು ಒಪ್ಪಿದ್ದು ಅಂತಿದ್ಲು ಅಮ್ಮ. ಲೋಕದ ನಟ್ಟು ಬೋಲ್ಟೆಲ್ಲ ನೋಡಿದೆ, ನಿನ್ನ ಬಾಯಿ ನೀನೇ ನೋಡ್ಕೊಳ್ಲಿಲ್ಲ."

"ಅವ್ಳು ನನ್ನ ಹತ್ರ ಹೇಳ್ಲೇ ಇಲ್ಲ," ಅಂದರು ಮಾವ. ಫೋಟೋವನ್ನು ಕೂಡಲೇ ವಾಪಸ್ಸು ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಕೂತರು. ಮೂಗು ಒರೆಸಿಕೊಂಡರು. ಹಲ್ಲಿನ ಮಾತು ಅವತ್ತು ಅಲ್ಲಿಗೇ ನಿಂತಿತು, ಹಲ್ಲಣ್ಣನೂ ಮುಂದೆ ಎಳೆಯಲಿಲ್ಲ.

ಅವನು ಎಂಜಿನ್ನನ್ನು ಮೊದಲಿನಿಂದ ಮಾಡಿದ. ಈ ಸಲ ಐದನೆಯದನ್ನು ಕೂರಿಸುವಾಗ ಕೈ ತಾನಾಗಿಯೇ ಪಕ್ಕಕ್ಕೆ ಹೊರಳಿತು. ಗದರಿಸಿ ನೆಟ್ಟಗೆ ಮಾಡಿದ. ಚೌಕಟ್ಟು, ಟ್ಯಾಂಕು, ಹೊಗೆಕೊಳವೆಗಳು ಸೇರಿದವು. ಕೊನೆಕೊನೆಗೆ ಮಾವ ಬಂದು, "ನೀರಿಗೂ ಬಿಸಿಗೂ ಬಿಡದೇ ಇರೋ ಕೆಂಪು ಯಾವುದಾದ್ರೂ ಇದೆಯಾ ಅಳಿಯಂದ್ರೆ? ಉಗುರುಬಣ್ಣ ಬೇಡ," ಎಂದು ಕೇಳಿದರು. ಗಾಡಿಗೇ ಇರಬೇಕೆಂದುಕೊಂಡು ಹಲ್ಲಣ್ಣ, ಕಟ್ಟಿದ ಒಸಡು ನಿಜದ್ದೆನಿಸಲು ಅದರಲ್ಲಿ ನರ ಬರೆಯುವ ಕೆಂಪನ್ನು ಕೊಟ್ಟ. ಎಷ್ಟು ಬಿಸಿ ಟೀ ಕುಡಿದರೂ ಅದು ಜಗ್ಗುವುದಿಲ್ಲ.

ರಜೆಯ ದಿನ ಬೆಳಿಗ್ಗೆ ಗಾಡಿ ಊಟದ ಮೇಜಿನ ಮೇಲೆ ನಿಂತಿತ್ತು. ಹಲ್ಲಣ್ಣ ಹಿಂದಿನ ಗಾಲಿ ತಿರುಗಿಸಿದ. ಸರಪಳಿ ಓಡಿತು, ನಡುದಂಡ ಸುತ್ತಿತು. ಮಾವ ಭೂತಗನ್ನಡಿಯಲ್ಲಿ ಮುಂದೆ ನೋಡಿದರು, ಹಿಂದೆ ನೋಡಿದರು, ಕೆಳಗೆ ಬಗ್ಗಿ ನೋಡಿದರು. ಬೆಂಕಿಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ಏಳು ಸಿಲಿಂಡರಿನ ಬುಡಕ್ಕೂ ಏಳು ಗೆರೆ ಎಳೆದರು.

"ಇದು ಪಾಸು," ಅಂದರು.

ಹಲ್ಲಣ್ಣನಿಗೆ ಉಸಿರು ಬಂತು. ಹಲ್ಲಿನ ಮಾತು ಎತ್ತಲು ಇದೇ ಸಮಯವೆಂದು ಬಾಯಿ ತೆರೆದ, ಕಣ್ಣು ಗಡಿಯಾರದ ಪಕ್ಕಕ್ಕೆ ಹೋಯಿತು. ನೀಲಿ ಡಬ್ಬಿ ತೆರೆದು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಅವನಿಗೆ ಏನೂ ಅರ್ಥವಾಗುವ ಮುಂಚೆ ಹಿಂದಿನಿಂದ ಕಟುಂ ಎಂದು ಸದ್ದಾಯಿತು. ಮಾವ ಬಿಸ್ಕತ್ತು ಕಚ್ಚಿದ್ದರು. ಟೀ ಲೋಟ ಪಕ್ಕದಲ್ಲೇ, ಮುಟ್ಟದೆ ಹಾಗೇ ಇತ್ತು.

ಮಾವ ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಮೇಲಿನ ಸೆಟ್ಟನ್ನು ತೆಗೆದು, ಅಂಗೈಯಲ್ಲಿ ಮಗುಚಿ ಅಳಿಯನ ಮುಂದೆ ಹಿಡಿದರು. ಆ ಸೊಟ್ಟ ಹಲ್ಲಿನ ಹಿಂದುಗಡೆ, ಹಲ್ಲಿನಿಂದ ಒಸಡಿನವರೆಗೆ, ಒಂದು ಸಣ್ಣ ಕೆಂಪು ಗೆರೆಯಿತ್ತು.

"ಅಯ್ಯೋ ಅಪ್ಪ, ತಿನ್ನೋ ಬಾಯಿಗೂ ಬಣ್ಣನಾ?" ಅಂದಳು ಮಗಳು.

ಮಾವ ಸೆಟ್ಟು ಹಾಕಿಕೊಂಡರು. "ನೋಡ್ತಾ ಇರಿ ಅಳಿಯಂದ್ರೆ. ಇನ್ನು ಮುಂದೆ ಅದು ನೆಟ್ಟಗಾದ್ರೆ ಗೆರೆ ಮುರಿಯುತ್ತೆ," ಅಂದು ನಕ್ಕರು. ಮೇಲಿನ ಸಾಲಿನಲ್ಲಿ, ಎಡಗಡೆ, ಅದು ಕಂಡಿತು.