ಒಂಬತ್ತು ಮಿಡಿ, ಒಂದು ಕತ್ತರಿ

ಒಂದೂವರೆ ಅಡಿ ಎತ್ತರದ ಮಾವಿನ ಮರ ಗಂಡ ಹೆಂಡತಿಯ ನಡುವೆ ಮೂರು ದಿನ ಮಾತು ನಿಲ್ಲಿಸಬಲ್ಲದು ಎಂದರೆ ನಂಬುತ್ತೀರಾ? ಸಾಗರದ ನಮ್ಮ ಮನೆಯ ಟೆರೇಸಿಗೆ ಬನ್ನಿ, ತೋರಿಸುತ್ತೇನೆ.

ಅದು ಅಪ್ಪೆಮಿಡಿಯ ಬೋನ್ಸಾಯ್. ಹೊಸನಗರದ ಕಡೆಯಿಂದ ತಂದ ಕಸಿ ಗಿಡ; ಕುಂಡದಲ್ಲಿ ಬೆಳೆಸಲು ಶುರುಮಾಡಿ ನಾಲ್ಕು ವರ್ಷವಾಯಿತು. ಹೋದ ವರ್ಷ ಮೊದಲ ಸಲ ಏಳು ಕಾಯಿ ಹಿಡಿಯಿತು. ನನ್ನ ಜಂಬ ಕೇಳಬೇಕೆ! ದಿನಕ್ಕೊಂದು ಫೋಟೋ, ವಾಟ್ಸಾಪ್ ಸ್ಟೇಟಸ್. ಏಳನ್ನೂ ಹಣ್ಣಾಗುವ ತನಕ ಬಿಟ್ಟೆ. ಆಮೇಲೆ ಮಳೆಗಾಲ ಮುಗಿದರೂ ಗಿಡ ಒಂದೇ ಒಂದು ಚಿಗುರು ಹಾಕಲಿಲ್ಲ. ಎಡಗಡೆಯ ಕೊಂಬೆ ಒಣಗಿಯೇ ಹೋಯಿತು.

ಬೋನ್ಸಾಯ್ ಕಲಿಸಿದ ತೀರ್ಥಹಳ್ಳಿಯ ಮೇಡಂ ಫೋನಿನಲ್ಲೇ ಬೈದರು. "ಕಾಂಡ ಇನ್ನೂ ಹೆಬ್ಬೆರಳಿನಷ್ಟೂ ದಪ್ಪ ಇಲ್ಲ, ಆಗ್ಲೇ ಹಣ್ಣು ಬೇಕಾ ನಿಮಗೆ? ಮುಂದಿನ ಸಲ ಕಾಯಿ ಕಚ್ಚಿದ ಕೂಡ್ಲೆ ಎಲ್ಲ ತೆಗೀರಿ. ಇಲ್ದಿದ್ರೆ ಗಿಡ ಉಳಿಯಲ್ಲ."

ಈ ಸಲ ಒಂಬತ್ತು ಮಿಡಿ. ಕತ್ತರಿ ಹಿಡಿದು ಹೋದೆ. ನಮ್ಮ ಯಜಮಾನರು ಅಡ್ಡ ನಿಂತರು.

"ಎಂತ ಮಾಡ್ತಿದೀಯ ಮಾರಾಯ್ತಿ? ಕಾರ್ಗಲ್‌ನಿಂದ ಫ್ರೆಂಡ್ಸ್ ಬರ್ತಾರೆ, ಹಣ್ಣು ತೋರಿಸ್ತೀನಿ ಅಂದಿದೀನಿ!"

"ಗಿಡ ಸತ್ರೆ ಎಂತ ತೋರಿಸ್ತೀರಿ?" ಎಂದೆ. ಅಲ್ಲಿಗೆ ಮಾತು ಬಂದ್. (ಕೀಳಲು ನನಗೂ ಕೈ ಬರುತ್ತಿರಲಿಲ್ಲ ಎನ್ನುವುದು ನಮ್ಮಲ್ಲೇ ಇರಲಿ.)

ನಾಲ್ಕನೇ ದಿನ ನಿಟ್ಟೂರಿನಿಂದ ಅತ್ತೆ ಬಂದರು. ಜೀವಮಾನವಿಡೀ ಮಿಡಿ ಉಪ್ಪಿನಕಾಯಿ ಹಾಕಿದ ಕೈ. ಟೆರೇಸಿಗೆ ಹತ್ತಿ, ಒಂದು ಮಿಡಿಯನ್ನು ಬೆರಳಲ್ಲಿ ಒತ್ತಿ ನೋಡಿ ಮಗನ ಕಡೆ ತಿರುಗಿದರು.

"ಅಲ್ವೋ, ಅಪ್ಪೆಮಿಡೀನ ಹಣ್ಣು ಮಾಡೋರು ಯಾರಾದ್ರೂ ಇದಾರೇನೋ? ಇನ್ನೊಂದು ವಾರ ಬಿಟ್ರೆ ಗೊರಟು ಗಟ್ಟಿಯಾಗುತ್ತೆ, ಉಪ್ಪಿನಕಾಯಿಗೂ ಆಗಲ್ಲ. ಕೊಡೇ ಇಲ್ಲಿ ಕತ್ತರಿ!"

ಮಗ ಬಾಯಿ ತೆರೆಯುವ ಮೊದಲೇ ಒಂಬತ್ತೂ ಮಿಡಿ ತೊಟ್ಟಿನ ಸಮೇತ ಸೆರಗಿಗೆ ಬಿದ್ದವು. (ತೊಟ್ಟು ಕಳಚಿದರೆ ಸೊನೆ ಸೋರಿ ಪರಿಮಳವೇ ಹೋಗುತ್ತದೆ.) ಅರ್ಧ ಗಂಟೆಯಲ್ಲಿ ಪುಟ್ಟ ಬಾಟಲಿಯೊಳಗೆ ಉಪ್ಪಿನ ಜೊತೆ ಕೂತವು.

ನಾನು ದಂಗಾದೆ. ಮೇಡಂ ಹತ್ತಿರ ಬೈಸಿಕೊಂಡು ಕಲಿತದ್ದನ್ನು ನಮ್ಮ ಅತ್ತೆ ಪ್ರತಿ ವರ್ಷ ಮಾಡಿಕೊಂಡೇ ಬಂದಿದ್ದಾರೆ! ಎಳೆ ಮಿಡಿ ಕೀಳುವುದು ಈ ಊರಲ್ಲಿ ಸಂಭ್ರಮದ ಕೆಲಸ. ಹಾಗಿದ್ದ ಮೇಲೆ ನನಗೇಕೆ ಹಣ್ಣಿನ ಹುಚ್ಚು ಹಿಡಿಯಿತು? ಗಿಡದ ಮೇಲಿನ ಪ್ರೀತಿಗಾ? ಅಲ್ಲ ಸ್ವಾಮಿ, ಸ್ಟೇಟಸ್‌ಗೆ. ಬುಡ ಗಟ್ಟಿಯಾಗುವ ಮೊದಲೇ ಫಲ ತೋರಿಸುವ ಚಟ ನಮ್ಮದು, ಗಿಡದ್ದಲ್ಲ.

ಮೂರು ವಾರವಾಯಿತು. ಈಗ ನೋಡಬೇಕು ಅದರ ಗತ್ತು! ತುದಿ ತುದಿಯಲ್ಲೂ ಕೆಂಚು ಚಿಗುರು. ಅಷ್ಟೇ ಅಲ್ಲ, ಒಣಗಿದ ಕೊಂಬೆಯ ಬುಡದಲ್ಲೇ ಹೊಸ ಕುಡಿ ಒಡೆದಿದೆ. ಅದನ್ನು ಕಂಡ ಬೆಳಗ್ಗೆ ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಗಾಬರಿಯಾಗಿ ಹೊರಬಂದರು. ಬರಲಿ ಬಿಡಿ. ಗಿಡ ಉಳಿಯಿತು, ನಾನು ಗೆದ್ದೆ!

ಮೊನ್ನೆ ಕಾರ್ಗಲ್‌ನ ಸ್ನೇಹಿತರೂ ಬಂದರು. "ಹಣ್ಣೆಲ್ಲಿ ಮಾರಾಯ್ರೆ?" ಎಂದು ಕೇಳಿದರು.

ನಮ್ಮ ಯಜಮಾನರು ಎದೆ ಉಬ್ಬಿಸಿದರು. "ಮೊದ್ಲು ಗಿಡ ಬೆಳೀಬೇಕಲ್ರೀ. ಅದ್ಕೇ ನಾವೇ ಎಲ್ಲ ಕಿತ್ವಿ."

ನಾವಂತೆ!